ವೇದಿಕೆಯ ಹಿಂದಿನ ಹೆಸರು

ಫಿಲ್ಮ್‌ಫೇರ್ ಪ್ರಶಸ್ತಿ ಪ್ರದಾನ ಸಮಾರಂಭವು ಟಿ.ವಿ. ಪರದೆಯ ಮೇಲೆ ಬಂದ ರಾತ್ರಿ ಶ್ರಾವಕರ ಮನೆಗಳಲ್ಲಿ ಒಂದು ಆಕ್ಷೇಪ ತಪ್ಪದೆ ಕೇಳಿಬರುತ್ತದೆ. ಹಿರಿಯರು ನಟಿಯರ ಉಡುಪನ್ನು ಕಂಡು ಮುಖ ತಿರುಗಿಸುತ್ತಾರೆ, ಕಾಲ ಕೆಟ್ಟಿತೆನ್ನುತ್ತಾರೆ, ಆದರೂ ಕೊನೆಯ ಪ್ರಶಸ್ತಿಯವರೆಗೆ ಕುಳಿತೇ ಇರುತ್ತಾರೆ. ಉಡುಪಿನ ಮೇಲೆ ಇಷ್ಟು ಚುರುಕಾಗಿ ಬೀಳುವ ಕಣ್ಣು, ವೇದಿಕೆಯ ಹಿಂಬದಿಯಲ್ಲಿ ಪ್ರಶಸ್ತಿಯ ಹೆಸರಿಗಿಂತಲೂ ಮೊದಲು ಬರೆದಿರುವ ಇನ್ನೊಂದು ಹೆಸರಿನ ಮೇಲೆ ಏಕೆ ಬೀಳುವುದಿಲ್ಲ?

1954ರ ಮಾರ್ಚ್ 21ರಂದು ಮುಂಬಯಿಯ ಮೆಟ್ರೊ ಚಿತ್ರಮಂದಿರದಲ್ಲಿ ಈ ಪ್ರಶಸ್ತಿಗಳು ಮೊದಲ ಬಾರಿಗೆ ಪ್ರದಾನವಾದಾಗ ಅಲ್ಲಿದ್ದ ಹೆಸರು ಕ್ಲೇರ್ ಮೆಂಡೋನ್ಸಾ ಎಂಬ ಚಿತ್ರವಿಮರ್ಶಕಿಯದು. ಪ್ರಶಸ್ತಿಗಳು ಐದೇ ಐದು. ಶ್ರೇಷ್ಠ ಚಿತ್ರವೆಂದು ಆಯ್ಕೆಯಾದದ್ದು, ಎರಡು ಬಿಘಾ ಭೂಮಿ ಉಳಿಸಿಕೊಳ್ಳಲು ಕಲ್ಕತ್ತೆಯಲ್ಲಿ ರಿಕ್ಷಾ ಎಳೆಯುವ ರೈತನ ಕಥೆ, ‘ದೋ ಬಿಘಾ ಜಮೀನ್’. ಆ ವಿಮರ್ಶಕಿಯ ಹೆಸರಿದ್ದ ಸ್ಥಳಕ್ಕೆ ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಬಂದು ಕುಳಿತದ್ದು ಮಾಣಿಕ್‌ಚಂದ್. 2021ರಲ್ಲಿ ಅದು ವಿಮಲ್ ಇಲಾಯ್ಚಿ. ಒಂದು ಗುಟ್ಕಾಕ್ಕೆ ಪ್ರಸಿದ್ಧವಾದ ಹೆಸರು. ಇನ್ನೊಂದು ಏಲಕ್ಕಿಯೆಂದು ಬರೆದುಕೊಂಡು, ಪಾನ್ ಮಸಾಲಾದ ಪೊಟ್ಟಣದ ಮೇಲೂ ಇರುವ ಹೆಸರು.

ವ್ಯಾಪಾರ ಬಲ್ಲವರಿಗೆ ಇಲ್ಲಿ ಲೆಕ್ಕವೇ ಸಾಕ್ಷಿ. ಏಲಕ್ಕಿಯ ಚಿಕ್ಕ ಪೊಟ್ಟಣ ಮಾರಿ ಬರುವ ಲಾಭದಿಂದ ಯಾವ ವರ್ತಕನು ದೇಶದ ಅತಿ ದೊಡ್ಡ ತಾರೆಯರನ್ನೂ ಇಡೀ ರಾತ್ರಿಯ ಸಮಾರಂಭವನ್ನೂ ಕೊಂಡಾನು? ಖಾತೆಯ ಎರಡು ಬದಿ ತಾಳೆಯಾಗದಿದ್ದರೆ ಇನ್ನೊಂದು ಖಾತೆ ಇದೆಯೆಂದೇ ಅರ್ಥ. ತಂಬಾಕು ಮತ್ತು ಮದ್ಯದ ಜಾಹೀರಾತುಗಳನ್ನು ಕೇಬಲ್ ಟೆಲಿವಿಷನ್ ನಿಯಮಗಳು 2000ದಲ್ಲಿ ನಿಷೇಧಿಸಿದವು. 2003ರ ಕಾಯಿದೆ ತಂಬಾಕಿನ ಜಾಹೀರಾತಿಗೆ ಇನ್ನಷ್ಟು ಬಾಗಿಲುಗಳನ್ನು ಮುಚ್ಚಿತು. ಬಾಗಿಲು ಮುಚ್ಚಿದ ಮೇಲೆ ಏಲಕ್ಕಿ ಕಿಟಕಿಯಾಯಿತು. ಪರದೆಯ ಮೇಲೆ ಕಾಣುವುದು ಏಲಕ್ಕಿ. ನೆನಪಿನಲ್ಲಿ ಉಳಿಯುವುದು ಹೆಸರು.

ಆ ಹೆಸರು ಎಲ್ಲಿಗೆ ತಲುಪುತ್ತದೆ ಎಂಬುದನ್ನು ನೋಡಲು ಮುಂಬಯಿಗೆ ಹೋಗಬೇಕಾಗಿಲ್ಲ. ಕೋಲಾರ ತಾಲ್ಲೂಕಿನ ಕ್ಯಾಲನೂರಿನಂತಹ ಊರಿನ ಚಿಲ್ಲರೆ ಅಂಗಡಿಯೇ ಸಾಕು. ಕರ್ನಾಟಕದಲ್ಲಿ ಗುಟ್ಕಾ 2013ರ ಮೇ ತಿಂಗಳ ಕೊನೆಯಲ್ಲಿ ನಿಷೇಧವಾಯಿತು. ನಿಷೇಧವಾದದ್ದು ತಂಬಾಕು ಬೆರೆಸಿದ ಪೊಟ್ಟಣ; ಆದುದರಿಂದ ವ್ಯಾಪಾರವು ಪಾನ್ ಮಸಾಲಾವನ್ನು ಒಂದು ಪೊಟ್ಟಣದಲ್ಲೂ ಜಗಿಯುವ ತಂಬಾಕನ್ನು ಮತ್ತೊಂದರಲ್ಲೂ ಇಟ್ಟು, ಬೆರೆಸುವ ಕೆಲಸವನ್ನು ಗಿರಾಕಿಯ ಅಂಗೈಗೆ ಬಿಟ್ಟಿತು. ಟೊಮೆಟೊ ಕ್ರೇಟು ಹೊರುವ ಹಮಾಲಿಯೂ ಮಾವಿನ ತೋಪಿನ ಕೂಲಿಯಾಳೂ ಬಾಯಿಗೆ ಹಾಕಿಕೊಳ್ಳುವುದು ಈ ಜೋಡಿಯನ್ನೇ. ಜಗಿಯುವ ತಂಬಾಕೂ ಅಡಿಕೆಯೂ ಬಾಯಿಯ ಕ್ಯಾನ್ಸರಿಗೆ ಕಾರಣವೆಂಬುದು ವೈದ್ಯಶಾಸ್ತ್ರದಲ್ಲಿ ವಿವಾದದ ಮಾತಲ್ಲ. ಹಮಾಲಿಗೆ ಫಿಲ್ಮ್‌ಫೇರ್ ಯಾರಿಗೆ ಬಂತೆಂದು ತಿಳಿದಿರುವುದಿಲ್ಲ. ಪೊಟ್ಟಣದ ಹೆಸರು ಮಾತ್ರ ತಿಳಿದಿದೆ.

2022ನೆಯ ವರ್ಷ ಇನ್ನೂ ವಿಚಿತ್ರವಾದುದು. ಆ ಆಗಸ್ಟ್ 30ರಂದು ಮುಂಬಯಿಯಲ್ಲಿ ನಡೆದ 67ನೆಯ ಹಿಂದಿ ಸಮಾರಂಭಕ್ಕೆ ವುಲ್ಫ್ 777 ನ್ಯೂಸ್ ಎಂಬ ಹೆಸರಿತ್ತು. ‘ನ್ಯೂಸ್’ ಎಂಬುದು ಇಲ್ಲಿಯ ಏಲಕ್ಕಿ. ಅಕ್ಟೋಬರ್ 3ರಂದು ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯವು, ಸುದ್ದಿತಾಣಗಳ ವೇಷದಲ್ಲಿ ಬೆಟ್ಟಿಂಗ್ ಸಂಸ್ಥೆಗಳು ಮಾಡಿಕೊಳ್ಳುವ ಜಾಹೀರಾತನ್ನು ತೋರಿಸಬಾರದೆಂದು ವಾಹಿನಿಗಳಿಗೆ ಸೂಚಿಸುತ್ತ, ಇದೇ ಹೆಸರನ್ನೂ ಉದಾಹರಿಸಿತು. ಸಪ್ತವ್ಯಸನಗಳಲ್ಲಿ ಮೊದಲನೆಯದು ದ್ಯೂತ. ಅದು ಕಪ್ಪು ಸುಂದರಿಯ ಪುತ್ಥಳಿಯನ್ನು ಹಿಡಿದುಕೊಂಡು ಮನೆಯೊಳಗೆ ಬಂದಿತು. ಅದೇ ಅಕ್ಟೋಬರ್ 9ರಂದು ಬೆಂಗಳೂರಿನಲ್ಲಿ ದಕ್ಷಿಣ ಭಾರತದ 67ನೆಯ ಫಿಲ್ಮ್‌ಫೇರ್ ನಡೆಯಿತು. ಶ್ರೇಷ್ಠ ಕನ್ನಡ ಚಿತ್ರವಾಗಿ ಮಂಸೋರೆಯವರ ‘ಆಕ್ಟ್ 1978’ ಆಯ್ಕೆಯಾಯಿತು. ಸರ್ಕಾರಿ ಕಚೇರಿಯ ಅನ್ಯಾಯದ ವಿರುದ್ಧ ನಿಂತ ಗರ್ಭಿಣಿಯ ಕಥೆ, ಗೌರವಕ್ಕೆ ಯೋಗ್ಯವಾದದ್ದು. ಅಲ್ಲಿ ಪ್ರಶಸ್ತಿಯ ಹೆಸರಿಗೆ ಅಂಟಿದ್ದದ್ದು ಬಿಸ್ಕತ್ತಿನ ಪಾರ್ಲೆ. ವಿಷದ ಹಣವಿಲ್ಲದೆ ಸಮಾರಂಭ ನಡೆಯದೆಂಬ ವಾದಕ್ಕೆ ಅದೇ ವರ್ಷ, ಅದೇ ಸಂಸ್ಥೆಯೇ ಉತ್ತರ ಕೊಟ್ಟಂತಾಯಿತು.

2023ರಿಂದ ಹಿಂದಿ ಸಮಾರಂಭಕ್ಕೆ ಕಾರು ಕಂಪನಿಯ ಹೆಸರು ಬಂದಿದೆ. ಇನ್ನೇಕೆ ಈ ಮಾತು ಎನ್ನುವವರುಂಟು. ಹೆಸರು ಬಂದದ್ದೂ ಹೋದದ್ದೂ ನೋಡುವವರ ಗಮನಕ್ಕೇ ಬರಲಿಲ್ಲ ಎಂಬುದೇ ಈ ಮಾತಿಗೆ ಕಾರಣ. 2022ರ ಏಪ್ರಿಲ್‌ನಲ್ಲಿ ಅಭಿಮಾನಿಗಳು ಆಕ್ಷೇಪಿಸಿದಾಗ ನಟ ಅಕ್ಷಯ್ ಕುಮಾರ್ ಕ್ಷಮೆ ಕೇಳಿ ಏಲಕ್ಕಿಯ ಪ್ರಚಾರದಿಂದ ಹಿಂದೆ ಸರಿದರು. ಆಕ್ಷೇಪಿಸಿದವರು ಸಾಮಾನ್ಯ ಪ್ರೇಕ್ಷಕರು. ಅಹಿಂಸೆಯನ್ನು ಪರಮಧರ್ಮವೆನ್ನುವ ಸಮಾಜದ ಸಭೆಗಳಲ್ಲಿ ಅಂತಹ ಒಂದು ಠರಾವಾದರೂ ಏಕೆ ಆಗಬಾರದು?

ನೋಡುವುದರಲ್ಲಿ ಯಾವ ಹಿಂಸೆ ಎಂದು ಯುವಕರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದೇ. ತತ್ತ್ವಾರ್ಥಸೂತ್ರವು ಪಾಪಕ್ಕೆ ಆಧಾರವಾಗುವ ಜೀವಭಾವಗಳನ್ನು 108 ಬಗೆಯಾಗಿ ಗುಣಿಸಿದೆ: ಸಂರಂಭ, ಸಮಾರಂಭ, ಆರಂಭ ಎಂಬ ಮೂರು; ಮನ, ವಚನ, ಕಾಯ ಮೂರು; ಕೃತ, ಕಾರಿತ, ಅನುಮತ ಮೂರು; ಕಷಾಯ ನಾಲ್ಕು. ಇವುಗಳಲ್ಲಿ ಅನುಮತವನ್ನು ಬಿಟ್ಟರೆ ಉಳಿಯುವುದು 72. ಜಪಮಾಲೆಯ 36 ಮಣಿಗಳನ್ನು ಪರದೆಯ ಮುಂದೆ ಕುಳಿತಾಗ ಕಳಚಿಡಲು ಬರುವುದಿಲ್ಲ. ಪ್ರಾಯೋಜಕನು ಹಣ ಕೊಡುವುದು ವೇದಿಕೆಗಾಗಿ ಅಲ್ಲ, ನೋಡುವ ಕಣ್ಣುಗಳಿಗಾಗಿ. ಆ ಸರಕನ್ನು ಒದಗಿಸುವವರು ಪ್ರೇಕ್ಷಕರೇ. ಶ್ರಾವಕನಿಗೆ ವರ್ಜ್ಯವಾದ 15 ಕರ್ಮಾದಾನಗಳಲ್ಲಿ ವಿಷವಾಣಿಜ್ಯವೂ ಒಂದೆಂಬುದನ್ನು ಇಲ್ಲಿ ನೆನೆಯಬೇಕು.

ಇದೇ ಮಾತು ಬಸದಿಗಳ ಟ್ರಸ್ಟುಗಳಿಗೂ ಅನ್ವಯಿಸುತ್ತದೆ; ಅಲ್ಲಿಗೆ ಬಂದಾಗ ಧ್ವನಿ ಸಣ್ಣದಾಗುವುದು ಕಂಡ ಸಂಗತಿ. ಕಲಶಾಭಿಷೇಕದ ಸವಾಲಿನಲ್ಲಿ ಅತಿ ಹೆಚ್ಚು ಕೂಗಿದವರ ವ್ಯಾಪಾರ ಯಾವುದೆಂದು ಯಾರು ಕೇಳುತ್ತಾರೆ? ಅನ್ನಛತ್ರದ ಬಾಗಿಲಿನ ಅಮೃತಶಿಲೆಯ ಫಲಕಕ್ಕೂ ಫಿಲ್ಮ್‌ಫೇರ್ ವೇದಿಕೆಯ ಹಿಂಬದಿಗೂ ಕೆಲಸ ಒಂದೇ, ಹೆಸರಿಗೆ ಗೌರವ ಗಳಿಸಿಕೊಡುವುದು. ನ್ಯಾಯದಿಂದ ಗಳಿಸಿದ ಧನವೇ ದಾನಕ್ಕೆ ಯೋಗ್ಯವೆಂಬುದು ಶ್ರಾವಕಾಚಾರದ ಪಾಠ. ಗುಟ್ಕಾ, ಮದ್ಯ, ಬೆಟ್ಟಿಂಗ್ ಮೂಲದ ದೇಣಿಗೆಯನ್ನು ಸ್ವೀಕರಿಸುವುದಿಲ್ಲವೆಂಬ ನಿಯಮವನ್ನು ಮುಂದಿನ ವಾರ್ಷಿಕ ಸಭೆಯಲ್ಲಿಯೇ ಬೈಲಾಕ್ಕೆ ಸೇರಿಸಬೇಕು. ಈಗಾಗಲೇ ಗೋಡೆಗೆ ಹಾಕಿರುವ ಫಲಕಗಳ ವಿಷಯವೂ ಅದೇ ಸಭೆಯ ಕಾರ್ಯಸೂಚಿಯಲ್ಲಿ ಬರಲಿ.