ಔಷಧ ಉಳಿಯಲಿ, ಕೋವಿ ಠಾಣೆಗೆ ಹೋಗಲಿ

ಹುಲಿಕೆರೆ, ಹಳೇಬೀಡು ಸೀಮೆಯ ಮುಸುಕಿನ ಜೋಳದ ಹೊಲಗಳಲ್ಲಿ, ಬೇಲೂರಿನ ಮಲೆನಾಡು ಮಗ್ಗುಲಿನ ಕಾಫಿ ತೋಟಗಳಲ್ಲಿ, ಅರಸೀಕೆರೆಯ ಕಲ್ಲುಗುಡ್ಡಗಳ ತಪ್ಪಲಿನ ತೆಂಗಿನ ತೋಟಗಳಲ್ಲಿ ಕೋವಿಯೆಂಬುದು ಪ್ರತಿಷ್ಠೆಯ ಆಭರಣವಲ್ಲ. ಕಾಡುಹಂದಿಯ ಹಿಂಡು ಒಂದೇ ಇರುಳಿನಲ್ಲಿ ಒಂದು ಸಂಸಾರದ ವರ್ಷದ ದುಡಿಮೆಯನ್ನು ಮಗುಚಿ ಹಾಕಬಲ್ಲ ನೆಲವಿದು. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಒಂಟಿ ನಳಿಕೆಯ ಕೋವಿ, ಗಾಳಿಗೆ ಹಾರಿಸುವ ಒಂದೆರಡು ಈಡುಗಳ ಸದ್ದಿಗಾದರೂ ಇಲ್ಲಿನ ರೈತನಿಗೆ ಬೇಕು ಎಂಬುದನ್ನು ಈ ಪತ್ರಿಕೆ ಬಲ್ಲದು. ಆ ಅರಿವಿನೊಡನೆಯೇ, ಇಂದಲ್ಲದಿದ್ದರೆ ನಾಳೆ ಜಿಲ್ಲಾಡಳಿತದ ಮೇಜಿನ ಮೇಲೆ ಬರಲೇಬೇಕಾದ ಒಂದು ಪ್ರಶ್ನೆಯನ್ನು ನಾವು ಎತ್ತಿಕೊಳ್ಳುತ್ತಿದ್ದೇವೆ: ವೈದ್ಯರ ಸಲಹೆಯ ಮೇರೆಗೆ ಭಂಗಿ ಸೊಪ್ಪಿನ ಔಷಧವನ್ನು ನಿತ್ಯ ಸೇವಿಸುವ ವ್ಯಕ್ತಿಯ ಕೈಯಲ್ಲಿ ಕೋವಿ ಇರಬೇಕೇ, ಇರಬಾರದೇ?

ಆಯುರ್ವೇದವು ವಿಜಯಾ ಎಂದು ಕರೆಯುವ ಈ ಸೊಪ್ಪು ಔಷಧಿ ಮತ್ತು ಕಾಂತಿವರ್ಧಕ ನಿಯಮಗಳ ಇ(1) ಅನುಸೂಚಿಯಲ್ಲಿದೆ. ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಸೇವಿಸಬೇಕೆಂಬ ಎಚ್ಚರಿಕೆಯೊಡನೆ ಮಾರಾಟವಾಗಬೇಕಾದ ವಸ್ತುಗಳ ಸಾಲಿಗೆ ಸೇರಿದ್ದು. 1985ರ ಮಾದಕ ವಸ್ತು ಕಾಯ್ದೆಯು ಗಿಡದ ಹೂವು ಮತ್ತು ಕಾಯಿಬಿಟ್ಟ ತುದಿಗಳನ್ನು ಗಾಂಜಾ ಎಂದು ಕರೆದು, ಆ ತುದಿಗಳೊಂದಿಗೆ ಇಲ್ಲದ ಎಲೆ ಮತ್ತು ಬೀಜಗಳನ್ನು ಹೊರಗಿಟ್ಟಿದೆ. ಭಂಗಿಯು ಆ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಕರ್ನಾಟಕ ಹೈಕೋರ್ಟ್ 2022ರಲ್ಲಿ ಒಂದು ಜಾಮೀನು ಆದೇಶದಲ್ಲಿ ಹೇಳಿತು. ಹೀಗಾಗಿ ಸಂಧಿವಾತದ ನೋವಿಗೋ, ನಿದ್ರಾಹೀನತೆಗೋ, ಅರ್ಬುದದ ಚಿಕಿತ್ಸೆ ತಂದ ಯಾತನೆಗೋ ಈ ಔಷಧವನ್ನು ಆಶ್ರಯಿಸಿದ ರೋಗಿ ಅಪರಾಧಿಯಲ್ಲ. ಆದರೆ ಅದೇ ರೋಗಿ ಕೋವಿಯ ಪರವಾನಗಿಗೆ ಅರ್ಜಿ ಹಾಕಿದರೆ, 2016ರ ಶಸ್ತ್ರಾಸ್ತ್ರ ನಿಯಮಗಳ ಅನ್ವಯ ತನ್ನ ದೈಹಿಕ, ಮಾನಸಿಕ ಆರೋಗ್ಯದ ಜೊತೆಗೆ, ತಾನು ಅಮಲು ಪದಾರ್ಥ ಅಥವಾ ಮಾದಕ ವಸ್ತುಗಳಿಗೆ ಅವಲಂಬಿಯಲ್ಲವೆಂಬುದನ್ನು ಸ್ಪಷ್ಟವಾಗಿ ಹೇಳುವ ವೈದ್ಯಕೀಯ ಪ್ರಮಾಣಪತ್ರವನ್ನು ಒದಗಿಸಬೇಕು. ನೋವಿಗೆ ಪ್ರತಿರಾತ್ರಿ ತೆಗೆದುಕೊಳ್ಳುವ ಗುಳಿಗೆ ಅವಲಂಬನೆಯೋ, ಚಿಕಿತ್ಸೆಯೋ? ಈ ವ್ಯತ್ಯಾಸವನ್ನು ರೋಗಿಯೇ ಊಹಿಸಿಕೊಳ್ಳುವಂತೆ ಬಿಡುವ ಆಡಳಿತವು ಅವನನ್ನು ಮರೆಮಾಚುವಿಕೆಯತ್ತ ತಳ್ಳುತ್ತಿದೆ.

ಅಮೆರಿಕದಲ್ಲಿ ಈ ತೊಡಕು ದಶಕಕ್ಕೂ ಹೆಚ್ಚು ಕಾಲದಿಂದ ನ್ಯಾಯಾಲಯಗಳ ಮುಂದಿದೆ. 1968ರ ಬಂದೂಕು ನಿಯಂತ್ರಣ ಕಾಯ್ದೆಯು ಕಾನೂನುಬಾಹಿರ ಮಾದಕ ವಸ್ತುವಿನ ಬಳಕೆದಾರರಿಗೆ ಬಂದೂಕನ್ನು ನಿಷೇಧಿಸಿತು; 1996ರಲ್ಲಿ ಕ್ಯಾಲಿಫೋರ್ನಿಯಾ ಗಾಂಜಾವನ್ನು ಔಷಧವಾಗಿ ಒಪ್ಪಿತು, ಬಹುಪಾಲು ರಾಜ್ಯಗಳು ಅದನ್ನು ಅನುಸರಿಸಿದವು; ಆದರೆ ಒಕ್ಕೂಟದ ಕಾನೂನು ಕದಲಲಿಲ್ಲ. ವೈದ್ಯಕೀಯ ಗಾಂಜಾ ಬಳಸುವವರಿಗೆ ಬಂದೂಕು ಮಾರಕೂಡದೆಂದು ಅಲ್ಲಿನ ಬಂದೂಕು ನಿಯಂತ್ರಣದ ಇಲಾಖೆ 2011ರಲ್ಲಿ ವ್ಯಾಪಾರಿಗಳಿಗೆ ಬಹಿರಂಗ ಪತ್ರ ಬರೆಯಿತು. 2016ರಲ್ಲಿ ಒಂದು ಮೇಲ್ಮನವಿ ನ್ಯಾಯಾಲಯ ಆ ನಿಲುವನ್ನು ಎತ್ತಿಹಿಡಿದರೆ, 2025ರಲ್ಲಿ ಇನ್ನೊಂದು ನ್ಯಾಯಾಲಯ ಫ್ಲಾರಿಡಾದ ರೋಗಿಗಳ ದಾವೆಗೆ ಮರುಜೀವ ಕೊಟ್ಟಿತು. ಅದೇ ವರ್ಷ ಮಾದಕ ವಸ್ತು ಬಳಕೆದಾರರ ಮೇಲಿನ ಈ ನಿಷೇಧದ ಸಿಂಧುತ್ವವನ್ನು ಅಲ್ಲಿನ ಸುಪ್ರೀಂ ಕೋರ್ಟೇ ವಿಚಾರಣೆಗೆ ಎತ್ತಿಕೊಂಡಿತು. ಬಂದೂಕು ಹೊಂದುವುದನ್ನು ಸಂವಿಧಾನದ ಹಕ್ಕೆಂದು ಎಣಿಸಿದ ದೇಶದಲ್ಲಿ ಈ ವಾದ ಇಷ್ಟು ದೂರ ಬೆಳೆಯುವುದು ಸಹಜ.

ನಮ್ಮ ಸಂವಿಧಾನಕಾರರು ಅಂಥ ಹಕ್ಕನ್ನು ಯಾರಿಗೂ ಕೊಡಲಿಲ್ಲ. ಅದು ಅವರ ವಿವೇಕವೆಂದು ಸುಪ್ರೀಂ ಕೋರ್ಟ್ 2023ರ ಫೆಬ್ರವರಿಯಲ್ಲಿ ನೆನಪಿಸಿತು. ನೆರೆಯ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು, ನಿಜ. ಆದರೆ ಅದು ಒಂದು ಸಮುದಾಯದ ಚರಿತ್ರೆಗೆ ಸಂದ, ಅವಧಿಗೆ ಕಟ್ಟುಬಿದ್ದ ವಿನಾಯಿತಿ. ಹಾಸನ ಜಿಲ್ಲೆಯ ರೈತನ ಕೋವಿ ಜಿಲ್ಲಾ ದಂಡಾಧಿಕಾರಿಯ ಪರವಾನಗಿಯಿಂದ ಮಾತ್ರ ಬದುಕುತ್ತದೆ. ಇನ್ನೊಂದೆಡೆ, ಚಿಕಿತ್ಸೆ ಪಡೆಯುವುದು ಜೀವಿಸುವ ಹಕ್ಕಿನ ಅಂಗವೆಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಒಂದು ನಂಬಿಕೆಯ ಮೇಲೆ ಒಪ್ಪಿಸಿದ ವಸ್ತು, ಇನ್ನೊಂದು ಮನುಷ್ಯನಿಗೆ ಸಲ್ಲಲೇಬೇಕಾದದ್ದು. ಇವೆರಡರಲ್ಲಿ ಒಂದು ಹಿಂದೆ ಸರಿಯಬೇಕಾದಾಗ ಯಾವುದು ಸರಿಯಬೇಕೆಂಬುದರಲ್ಲಿ ನಮಗೆ ಸಂಶಯವಿಲ್ಲ: ಕೋವಿ ಸರಿಯಬೇಕು.

ಈ ತೀರ್ಮಾನಕ್ಕೆ ಗಾಂಜಾದ ಕುರಿತ ಅಂಜಿಕೆಯಾಗಲಿ ತಿರಸ್ಕಾರವಾಗಲಿ ಕಾರಣವಲ್ಲ, ಕಾವಲಿನ ಸ್ವರೂಪವೇ ಕಾರಣ. ಬೆಳೆ ಕಾಯುವುದು ಇರುಳಿನ ಕೆಲಸ. ಅಟ್ಟಣೆಯ ಮೇಲೆ ಒಬ್ಬನೇ ಕುಳಿತು, ಪೊದೆಯಲ್ಲಿ ಅಲುಗಿದ್ದು ಹಂದಿಯೋ, ಪಕ್ಕದ ಹೊಲಕ್ಕೆ ನೀರು ಕಟ್ಟಲು ಬಂದ ಮನುಷ್ಯನೋ ಎಂಬುದನ್ನು ಬ್ಯಾಟರಿಯ ಬೆಳಕಿನಲ್ಲಿ ಅರೆಗಳಿಗೆಯಲ್ಲಿ ನಿರ್ಧರಿಸಬೇಕಾದ ಕೆಲಸ. ಹಂದಿಯೆಂದು ತಿಳಿದು ಹಾರಿಸಿದ ಈಡಿಗೆ ಮನುಷ್ಯರು ಬಲಿಯಾದ ಸುದ್ದಿಗಳನ್ನು ಮಲೆನಾಡಿನ ಪತ್ರಿಕೆಗಳು ಬಹುಕಾಲದಿಂದ ಅಚ್ಚು ಹಾಕುತ್ತ ಬಂದಿವೆ. ಪೂರ್ಣ ಎಚ್ಚರದಲ್ಲಿದ್ದವರ ಕೈಯಿಂದಲೂ ಇಂಥ ಅನಾಹುತ ಆಗಬಲ್ಲದು. ಭಂಗಿಯ ಮತ್ತುಕಾರಕ ಅಂಶವು ಗಮನವನ್ನು ಚದುರಿಸುತ್ತದೆ, ಪ್ರತಿಕ್ರಿಯೆಯನ್ನು ನಿಧಾನಗೊಳಿಸುತ್ತದೆ, ದೂರ ಮತ್ತು ಕಾಲದ ಅಂದಾಜನ್ನು ತಪ್ಪಿಸುತ್ತದೆ. ಹೊಟ್ಟೆಗೆ ಸೇವಿಸಿದ ಔಷಧವಾದರೆ ಪರಿಣಾಮ ತೋರಲು ಒಂದೆರಡು ಗಂಟೆ ಹಿಡಿಯಬಹುದು, ತೋರಿದ ಮೇಲೆ ಹಲವು ಗಂಟೆ ಉಳಿಯಬಹುದು. ಸಂಜೆಯ ಊಟದ ನಂತರ ತೆಗೆದುಕೊಂಡ ಗುಳಿಗೆ ಕಾವಲಿನ ನಡುಹೊತ್ತಿನಲ್ಲಿಯೇ ತನ್ನ ಬಲದಲ್ಲಿರುತ್ತದೆ. ಅನಾಹುತವಾದ ಮೇಲೆ ಪರೀಕ್ಷೆಯಿಂದ ಸತ್ಯ ತಿಳಿಯಬಹುದೆಂಬ ಭರವಸೆಯೂ ಇಲ್ಲ. ಮೂತ್ರದಲ್ಲಿ ಇದರ ಅಂಶ ದಿನಗಟ್ಟಲೆ, ನಿತ್ಯ ಸೇವಿಸುವವರಲ್ಲಿ ವಾರಗಟ್ಟಲೆ ಉಳಿಯುವುದರಿಂದ, ಆ ಕ್ಷಣದಲ್ಲಿ ವ್ಯಕ್ತಿ ಮಂಪರಿನಲ್ಲಿದ್ದನೇ ಇಲ್ಲವೇ ಎಂಬುದನ್ನು ಅದು ಹೇಳಲಾರದು. ನಿರಪರಾಧಿಯನ್ನು ಅಪರಾಧಿಯೆಂದು ತೋರಿಸಲೂ ಬಲ್ಲದು. ದೀರ್ಘಕಾಲದ ನೋವು ಮನುಷ್ಯನನ್ನು ಖಿನ್ನತೆಯ ಅಂಚಿಗೆ ಒಯ್ಯುವುದುಂಟು. ಅಂಥ ಮನೆಯ ಗೋಡೆಗೆ ತೋಟಾ ತುಂಬಬಹುದಾದ ಕೋವಿ ಒರಗಿರದಿರುವುದೇ ಕುಟುಂಬಕ್ಕೆ ಕ್ಷೇಮ.

ಇಷ್ಟು ಹೇಳಿದ ಮೇಲೆ, ದೊಡ್ಡ ಹೊಣೆ ಯಾರದೆಂಬುದನ್ನೂ ಹೇಳದೆ ಬಿಡುವುದು ಅಪ್ರಾಮಾಣಿಕತೆಯಾದೀತು. ಶಸ್ತ್ರಾಸ್ತ್ರ ನಿಯಮವು ಅಮಲು ಪದಾರ್ಥವೆಂದು ಹೇಳಿರುವಾಗ ಮದ್ಯವೂ ಅದರೊಳಗೆ ಬಂದಿತು. ಸಾರಾಯಿಯನ್ನು 2007ರಲ್ಲಿ ನಿಷೇಧಿಸಿದ ರಾಜ್ಯ, ಉಳಿದ ಮದ್ಯದ ಮಾರಾಟದಿಂದ ಬೊಕ್ಕಸ ತುಂಬಿಸಿಕೊಳ್ಳುತ್ತಲೇ ಇದೆ. ಹಬ್ಬದಲ್ಲಿ, ಮದುವೆಯಲ್ಲಿ, ಶಿಕಾರಿಯ ಹೆಸರಿನಲ್ಲಿ ಕುಡಿದು ಕೋವಿ ಹಿಡಿಯುವವರನ್ನು ಕಂಡೂ ಕಾಣದಂತಿರುವುದು ಊರಿಗೂ ಠಾಣೆಗೂ ರೂಢಿಯಾಗಿದೆ. ಸಂಭ್ರಮಕ್ಕೆ ಗುಂಡು ಹಾರಿಸಿ ಅನ್ಯರ ಜೀವಕ್ಕೆ ಅಪಾಯ ತಂದವರಿಗೆ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡವೆಂದು ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿ ಬರೆದಿಟ್ಟಿತು. ಅದೇ ತಿದ್ದುಪಡಿ ಪರವಾನಗಿಯ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ವಿಸ್ತರಿಸಿತೆಂಬುದನ್ನು ಮಾತ್ರ ಯಾರೂ ಗಂಭೀರವಾಗಿ ಯೋಚಿಸಿದಂತಿಲ್ಲ. ಐದು ವರ್ಷದಲ್ಲಿ ಆರೋಗ್ಯವಂತ ರೋಗಿಯಾಗಬಲ್ಲ, ಸಂಯಮಿ ಕುಡುಕನಾಗಬಲ್ಲ. ಈ ನಡುವೆ ಕೋವಿ ಹಿಡಿದ ಕೈಯ ಸ್ಥಿತಿಯನ್ನು ವಿಚಾರಿಸುವ ಕ್ರಮಬದ್ಧ ಏರ್ಪಾಡು ಇಲ್ಲ. ಅರ್ಜಿಯ ದಿನ ವೈದ್ಯರು ಹಾಕಿದ ಸಹಿಯೇ ಕೊನೆಯವರೆಗಿನ ಸಾಕ್ಷ್ಯ. ಆ ಸಹಿಯೂ ಅರ್ಜಿದಾರನನ್ನು ಕೂರಿಸಿ, ಔಷಧ, ನಿದ್ರೆ, ಕುಡಿತ, ಮನಸ್ಸಿನ ಸ್ಥಿತಿಗಳನ್ನು ವಿಚಾರಿಸಿದ ಫಲವಾಗಿರದೆ ಕಡತ ಮುಂದೆ ಸಾಗಲು ಬೇಕಾದ ಮುದ್ರೆ ಮಾತ್ರವಾದರೆ, ನಿಯಮ ಇದ್ದೂ ಇಲ್ಲದಂತೆ. ಮಾದಕ ವಸ್ತು ಮತ್ತು ಮದ್ಯದ ದುರ್ಬಳಕೆಯಿಂದ ಉಂಟಾದ ಸ್ಥಿತಿಗಳನ್ನು ಮಾನಸಿಕ ಅಸ್ವಾಸ್ಥ್ಯದ ಪರಿಧಿಗೆ ಸೇರಿಸಿದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ನಾಡಿನಲ್ಲಿ, ಈ ಪ್ರಮಾಣಪತ್ರವನ್ನು ಇಷ್ಟು ಹಗುರವಾಗಿ ಕಾಣುವುದನ್ನು ನಾವು ಕರ್ತವ್ಯಲೋಪವೆಂದೇ ಕರೆಯುತ್ತೇವೆ. ಕುಡಿಯುವವನಿಗೆ ಕಣ್ಣು ಮುಚ್ಚಿ, ನೋವಿಗೆ ಔಷಧ ಕುಡಿಯುವವನಿಗೆ ಮಾತ್ರ ಕಾನೂನಿನ ಪುಸ್ತಕ ತೆರೆಯುವ ಆಡಳಿತಕ್ಕೆ ಯಾರ ಕೋವಿಯನ್ನು ಕೇಳುವ ನೈತಿಕ ಬಲವೂ ಇರುವುದಿಲ್ಲ.

ಕೋವಿ ಸರಿಯಬೇಕೆಂದಾಗ ಅದನ್ನು ಕಸಿಯಬೇಕೆಂದು ನಾವು ಹೇಳುತ್ತಿಲ್ಲ. ಪ್ರತಿ ಚುನಾವಣೆಯಲ್ಲಿಯೂ ನಮ್ಮ ರೈತರು ಕೋವಿಯನ್ನು ಹೊತ್ತು ಠಾಣೆಗೆ ನಡೆದು, ರಸೀದಿ ಪಡೆದು, ಫಲಿತಾಂಶದ ಬಳಿಕ ಮರಳಿ ತರುವುದನ್ನು ಜಿಲ್ಲೆ ಕಂಡಿದೆ. ಮತದ ಶಾಂತಿಗಾಗಿ ಸಾಧ್ಯವಾದ ಠೇವಣಿ, ಚಿಕಿತ್ಸೆಯ ಅವಧಿಗೆ ಅಸಾಧ್ಯವಾಗಬೇಕಿಲ್ಲ. ಅಮಲು ಬರಿಸುವ ಔಷಧವನ್ನು ಬರೆದುಕೊಡುವ ವೈದ್ಯರು ಮನೆಯಲ್ಲಿ ಕೋವಿ ಇದೆಯೇ ಎಂದು ಕೇಳಬೇಕು. ಇದ್ದರೆ ಅದನ್ನು ಠಾಣೆಯಲ್ಲೋ ಪರವಾನಗಿ ಪಡೆದ ಅಂಗಡಿಯಲ್ಲೋ ಇರಿಸಲು ಹೇಳಬೇಕು. ಭಂಗಿಗಷ್ಟೇ ಅಲ್ಲ, ಅಫೀಮಿನ ಮೂಲದ ನೋವುನಿವಾರಕಗಳಿಗೂ ನಿದ್ರೆಯ ಗುಳಿಗೆಗಳಿಗೂ ಇದೇ ಅಳತೆ ಸಲ್ಲಬೇಕು. ಅಮಲು ಬರಿಸದ ತಯಾರಿಕೆಗಳನ್ನು ಇದರಿಂದ ಬಿಡಬೇಕು. ಸ್ವಯಂಪ್ರೇರಣೆಯಿಂದ ಕೋವಿ ಒಪ್ಪಿಸಿದವನ ಪರವಾನಗಿ ರದ್ದಾಗಕೂಡದು. ಅವನ ಕಾಯಿಲೆಯ ವಿವರ ಠಾಣೆಯ ಮಾತಾಗಕೂಡದು. ಔಷಧದ ಹೆಸರು ಕೇಳಿದೊಡನೆ ಅವನ ಶುಂಠಿ ಹೊಲದಲ್ಲಿ ಗಾಂಜಾ ಗಿಡ ಹುಡುಕಲು ಪೊಲೀಸರು ಹೊರಡಕೂಡದು. ಈ ಅಭಯವನ್ನು ಜಿಲ್ಲಾಧಿಕಾರಿಗಳು ಲಿಖಿತ ಸುತ್ತೋಲೆಯಲ್ಲಿಯೇ ಕೊಡಬೇಕು, ಏಕೆಂದರೆ ಶಿಕ್ಷೆಯ ಭಯವಿರುವಲ್ಲಿ ಯಾವ ರೋಗಿಯೂ ನಿಜ ಹೇಳುವುದಿಲ್ಲ.

ಹಾಗಾದರೆ ಠೇವಣಿಯ ಕಾಲದಲ್ಲಿ ಹೊಲ ಕಾಯುವವರಾರು? ರೈತನು ಖಂಡಿತವಾಗಿ ಕೇಳುವ, ಕೇಳಲೇಬೇಕಾದ ಪ್ರಶ್ನೆಯಿದು. ಅನಾರೋಗ್ಯದಿಂದ ಕೋವಿ ಒಪ್ಪಿಸಿದ ಕುಟುಂಬದ ಅರ್ಹ ಸದಸ್ಯರೊಬ್ಬರ ಅರ್ಜಿಯನ್ನು ತಿಂಗಳುಗಟ್ಟಲೆ ಕೊಳೆಯಿಸದೆ ವಿಲೇವಾರಿ ಮಾಡುವುದು ಜಿಲ್ಲಾಡಳಿತದ ಹೊಣೆ. ಸೌರಬೇಲಿ, ಕಂದಕ, ರೈಲುಕಂಬಿ ತಡೆಗೋಡೆಗಳ ಭರವಸೆಯನ್ನು ಕಾಡಂಚಿಗೆ ಮಾತ್ರ ಸೀಮಿತಗೊಳಿಸದೆ, ಹಂದಿಯ ಕಾಟವಿರುವ ಬಯಲುಸೀಮೆಯ ಹೊಲಗಳಿಗೂ ತಕ್ಕ ರಕ್ಷಣೆ ಒದಗಿಸುವುದು, ಬೆಳೆಹಾನಿಯ ಪರಿಹಾರವನ್ನು ಮುಂದಿನ ಬಿತ್ತನೆಗೆ ಮೊದಲೇ ರೈತನ ಖಾತೆಗೆ ಜಮಾ ಮಾಡುವುದು ಅರಣ್ಯ ಇಲಾಖೆಯ ಹೊಣೆ. ಈ ಎರಡು ಹೊಣೆಗಳನ್ನು ಸರ್ಕಾರ ಹೊರದಿರುವಷ್ಟು ಕಾಲ, ನೋವುಂಡ ರೈತನು ಗುಳಿಗೆ ನುಂಗಿ, ಕೋವಿ ಹಿಡಿದು ಅಟ್ಟಣೆ ಏರಿದರೆ, ಆಗುವ ಅನಾಹುತದಲ್ಲಿ ಅವನೊಬ್ಬನೇ ಆರೋಪಿಯೆಂದು ನಾವು ಒಪ್ಪುವುದಿಲ್ಲ.