ಇದು ಮೋರಿ ಅಲ್ಲ, ವೃಷಭಾವತಿ

1/5
"ಯಾವ ಮೋರಿ ಗುರು ಇದು?" ಅಂತ ಮೆಸೇಜ್ ಮಾಡ್ಬೇಡಿ. ಮೈಸೂರು ರಸ್ತೆ ಪಕ್ಕ, ಮೆಟ್ರೋ ಕಿಟಕಿಯಿಂದ ದಿನಾ ಕಾಣೋ ಈ ಕಪ್ಪು ನೀರಿನ ಹೆಸರು ವೃಷಭಾವತಿ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದ್ದು ಅಂತ ನಂಬಿಕೆ. ನಾವು ಮೋರಿ ಅಂದಿದ್ದಕ್ಕೇ ಯಾರೂ ಇದಕ್ಕೆ ಜವಾಬು ಕೊಡ್ತಿಲ್ಲ.

2/5
ಹೋದ ತಿಂಗಳು ನಾವೂ ಕ್ಲೀನಪ್ ಡ್ರೈವ್ ಮಾಡಿದ್ವಿ. ಗ್ಲೌಸ್ ಹಾಕ್ಕೊಂಡು ಏಳು ಮೂಟೆ ಪ್ಲಾಸ್ಟಿಕ್ ಎತ್ತಿದ್ವಿ. ರೀಲ್ ಎಡಿಟ್ ಮಾಡಿದ್ದು ನಾನೇ. ನಾವು ನಿಂತಿದ್ದ ಜಾಗದ ಪಕ್ಕದಲ್ಲೇ ಪೈಪಿಂದ ಕೊಳಚೆ ಸುರೀತಾ ಇತ್ತು. ಆ ಶಾಟ್ ಚೆನ್ನಾಗಿ ಕಾಣಲ್ಲ ಅಂತ ಕಟ್ ಮಾಡ್ದೆ.

ಅಲ್ಲೇ ತಪ್ಪಿದ್ದು. ನದಿ ಸಾಯ್ತಿರೋದು ಚಿಪ್ಸ್ ಕವರಿಂದಲ್ಲ. ಕೊಳಚೆ ತಿನ್ನೋ ಬ್ಯಾಕ್ಟೀರಿಯಾ ನೀರಲ್ಲಿರೋ ಆಮ್ಲಜನಕವನ್ನೆಲ್ಲ ಖಾಲಿ ಮಾಡುತ್ತೆ, ಮೀನಿಗೆ ಉಸಿರೇ ಉಳಿಯಲ್ಲ. ಶುದ್ಧೀಕರಣ ಘಟಕದಲ್ಲಿ ನಡೆಯೋದೂ ಅದೇ ಊಟ, ಆದ್ರೆ ತೊಟ್ಟಿಯೊಳಗೆ, ಗಾಳಿ ಊದಿ, ನದಿಗೆ ಬಿಡೋ ಮೊದಲೇ. ಊದೋಕೆ ಕರೆಂಟ್ ಬೇಕು. ಬಿಲ್ ಉಳಿಸೋಕೆ ಬ್ಲೋವರ್ ಆಫ್ ಮಾಡಿದ್ರೆ ಘಟಕ ಬರೀ ಶೋಕೇಸ್. ಸ್ವಂತ ಘಟಕ ಇರೋ ಅಪಾರ್ಟ್‌ಮೆಂಟಿನ ಫ್ರೆಂಡ್ಸ್, ಇವತ್ತು ರಾತ್ರಿ ಹನ್ನೊಂದಕ್ಕೆ ಬೇಸ್‌ಮೆಂಟಿಗೆ ಇಳಿದು ಸುಮ್ನೆ ಕಿವಿಗೊಡಿ. ಸದ್ದು ಇದೆಯಾ?

3/5
ಬಿಕಾಂ ಹುಡುಗ, ಲೆಕ್ಕ ಕೇಳದೆ ಇರಲ್ಲ. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆ ಆಯ್ತು: ದಿನಕ್ಕೆ ಇನ್ನೂ 77.5 ಕೋಟಿ ಲೀಟರ್. ಮನೆಗೆ ಬಂದ ನೀರಲ್ಲಿ ಸುಮಾರು ಶೇ 80 ಕೊಳಚೆಯಾಗಿ ಹೊರಗೆ ಹೋಗುತ್ತೆ ಅನ್ನೋದು ಎಂಜಿನಿಯರ್‌ಗಳ ಅಂದಾಜು. ಅಂದ್ರೆ 62 ಕೋಟಿ ಲೀಟರ್. ಜಮಾ ಬಾಜುಗೆ ಹಾರ, ಭಾಷಣ, ಫ್ಲೆಕ್ಸ್. ಖರ್ಚಿನ ಬಾಜು ಓದಿದವರು ಯಾರು? ನೀರಿನ ಬಿಲ್‌ನಲ್ಲಿ ಒಳಚರಂಡಿ ಶುಲ್ಕ ಅಂತ ಬೇರೆಯದೇ ಸಾಲು ಇದೆ, ನೋಡಿ. ದುಡ್ಡು ಕಟ್ಟಿ ಆಗಿದೆ.

4/5
ಈ ನೀರು ಕೆಂಗೇರಿ ದಾಟಿ ಬಿಡದಿ ಹತ್ರ ಬೈರಮಂಗಲ ಕೆರೆ ಸೇರುತ್ತೆ. ಅಲ್ಲಿನ ರೈತರು ಇದರಲ್ಲೇ ಬೇಬಿ ಕಾರ್ನ್, ಮೇವು ಬೆಳೀತಾರೆ. ಬೇರೆ ನೀರು ಎಲ್ಲಿಂದ ತರ್ತಾರೆ? ಮುಂದೆ ಅರ್ಕಾವತಿ, ಆಮೇಲೆ ಸಂಗಮದಲ್ಲಿ ಕಾವೇರಿ. ಬೆಂಗಳೂರಿಗೆ ನೀರೆತ್ತೋ ಜಾಗ ಸಂಗಮಕ್ಕಿಂತ ಮೇಲಿದೆ. ನಾವು ಬಿಟ್ಟಿದ್ದು ನಮ್ಮ ಲೋಟಕ್ಕೆ ವಾಪಸ್ ಬರಲ್ಲ. ನಮಗೆ ಉರಿ ಹತ್ತದೇ ಇರೋದು ಅದಕ್ಕೇ. ಕೆಳಗಿನೂರಿನವರ ಲೋಟದ ವಿಷಯ ಬಂದಾಗ ನಾವು ಭಾರಿ ತಾಳ್ಮೆಯವರು.

5/5
"ಜನ ಬದಲಾಗ್ಬೇಕು" ಅಂತ ಕಾಮೆಂಟ್ ಹಾಕೋರಿಗೆ: ಫ್ಲಶ್ ಮಾಡದೆ ಇರೋಕಾಗುತ್ತಾ? ಮಳೆನೀರಿಗೆ ಅಂತ ಇರೋ ರಾಜಕಾಲುವೆಗೆ ಕೊಳಚೆ ಪೈಪ್ ಜೋಡಿಸಿದ್ದು ನಾನೂ ಅಲ್ಲ, ನೀವೂ ಅಲ್ಲ. ನಾನು ಕೇಳ್ತಿರೋದು ಇಷ್ಟೇ: ಪ್ರತಿ ಘಟಕದ ಗೇಟಿಗೆ ಒಂದು ಬೋರ್ಡ್. ಇವತ್ತು ಒಳಗೆ ಬಂದದ್ದೆಷ್ಟು, ಶುದ್ಧವಾಗಿ ಹೊರಗೆ ಹೋದದ್ದೆಷ್ಟು, ಪರೀಕ್ಷೆಯಲ್ಲಿ ಏನು ಬಂತು.

ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, ಉತ್ತರಕ್ಕೆ 30 ದಿನ. ಒಬ್ಬೊಬ್ರು ಒಂದೊಂದು ಘಟಕ ಹಂಚ್ಕೊಳ್ಳೋಣ. ನಾಯಂಡಹಳ್ಳಿದು ನಾನು ಬರೆದಾಯ್ತು. ಮಂಗಳವಾರ ಲಂಚ್ ಟೈಮಲ್ಲಿ ಕ್ಯಾಂಟೀನ್ ಹಿಂದಿನ ಕಟ್ಟೆ ಹತ್ರ ಇರ್ತೀನಿ, ಖಾಲಿ ಹಾಳೆ ನಾನೇ ತರ್ತೀನಿ.