ಕಿಟಕಿ ಗಾಜು ಒಡೆದರೆ ಅಪಶಕುನವೇ? ಶಕುನ ನೋಡುವ ಮೊದಲು ಬಿರುಕು ನೋಡಿ

ಭಾನುವಾರ ಬೆಳಗ್ಗೆ ಬೀದಿಯಲ್ಲಿ ಮಕ್ಕಳ ಕ್ರಿಕೆಟ್. ಒಂದು ಜೋರು ಹೊಡೆತ, 'ಠಳ್' ಎಂಬ ಸದ್ದು, ಮರುಕ್ಷಣ ಬೀದಿ ಖಾಲಿ! ನಿಮ್ಮ ಹಾಲಿನ ಕಿಟಕಿಯ ಗಾಜಿನಲ್ಲಿ ಜೇಡರ ಬಲೆಯಂಥ ಬಿರುಕು. ಅದರ ಫೋಟೋವನ್ನು ಫ್ಯಾಮಿಲಿ ಗ್ರೂಪಿಗೆ ಹಾಕಿದ್ದೇ ತಡ, ಎರಡು ಬಗೆಯ ಫಾರ್ವರ್ಡ್‌ಗಳು ಬರುತ್ತವೆ. "ಒಡೆದ ಗಾಜು ಮನೆಯಲ್ಲಿದ್ದರೆ ದರಿದ್ರ, ತಕ್ಷಣ ಹೊರಗೆ ಎಸೆಯಿರಿ" ಎನ್ನುತ್ತದೆ ಒಂದು. "ಗಾಜು ಒಡೆದರೆ ಒಳ್ಳೆಯದು, ನಿಮ್ಮ ಮೇಲಿದ್ದ ದೃಷ್ಟಿ ಹೋಯಿತು" ಎನ್ನುತ್ತದೆ ಇನ್ನೊಂದು.

ಎರಡೂ ಒಟ್ಟಿಗೆ ನಿಜವಾಗಲಾರವು. ಆದರೆ ಎರಡರಲ್ಲೂ ಒಂದೊಂದು ಅಪಾಯವಿದೆ. ಮೊದಲನೆಯದನ್ನು ನಂಬಿದವರು ಅವಸರದಲ್ಲಿ ಬರಿಗೈಯಲ್ಲಿ ಗಾಜು ಕೀಳಲು ಹೋಗುತ್ತಾರೆ. ಎರಡನೆಯದನ್ನು ನಂಬಿದವರು ಒಂದು ಟೇಪು ಅಂಟಿಸಿ ವರ್ಷಗಟ್ಟಲೆ ಹಾಗೇ ಬಿಡುತ್ತಾರೆ. ಒಡೆದ ಗಾಜಿನಲ್ಲಿ ಅದೃಷ್ಟವೂ ಇಲ್ಲ, ದುರದೃಷ್ಟವೂ ಇಲ್ಲ. ಇರುವುದು ಬಿರುಕು ಮಾತ್ರ. ಅದು ಹೇಗೆ ವರ್ತಿಸುತ್ತದೆ, ಗಾಜನ್ನು ಹೇಗೆ ಬದಲಿಸಬೇಕು, ಯಾವ ಗಾಜು ಹಾಕಿಸಬೇಕು ಎಂಬುದನ್ನು ಇಲ್ಲಿ ನೋಡೋಣ.

ಬಿರುಕು ತಾನಾಗಿಯೇ ಬೆಳೆಯುತ್ತದೆಯೇ?

ಹೌದು, ಬೆಳೆಯಬಲ್ಲದು. "ನಿನ್ನೆ ಇಷ್ಟೇ ಇತ್ತು, ಯಾರೂ ಮುಟ್ಟಿಲ್ಲ, ಇವತ್ತು ಮೂಲೆಯವರೆಗೆ ಹೋಗಿದೆ" ಎಂದು ಯಾರಾದರೂ ಹೇಳಿದರೆ ಅದು ದೆವ್ವದ ಕೆಲಸವಲ್ಲ.

ಉಕ್ಕಿನ ತಗಡನ್ನು ಬಗ್ಗಿಸಿದರೆ ಬಾಗುತ್ತದೆ. ಗಾಜಿಗೆ ಹಾಗೆ ಬಾಗಿ ಒತ್ತಡ ತಾಳಿಕೊಳ್ಳುವ ಗುಣ ಇಲ್ಲ. ಅದರ ಮೇಲಿನ ಒತ್ತಡವೆಲ್ಲ ಬಿರುಕಿನ ಚೂಪಾದ ತುದಿಯಲ್ಲಿ ಒಟ್ಟುಗೂಡುತ್ತದೆ. ಬ್ರಿಟಿಷ್ ಎಂಜಿನಿಯರ್ ಎ. ಎ. ಗ್ರಿಫಿತ್ 1921ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಗಾಜಿನ ಮೇಲೆ ಪ್ರಯೋಗ ಮಾಡಿ ಇದನ್ನೇ ವಿವರಿಸಿದರು. ಗಾಜಿನ ಅಂಗಡಿಯವರು ಮಾಡುವ ಕೆಲಸದಲ್ಲೂ ಇದೇ ವಿಜ್ಞಾನ ಇದೆ. ಅವರು ನಿಜವಾಗಿ ಗಾಜನ್ನು 'ಕತ್ತರಿಸುವುದಿಲ್ಲ'. ಸಣ್ಣ ಚಕ್ರದ ಕಟರ್‌ನಿಂದ ಮೇಲೊಂದು ಗೀರು ಎಳೆದು, ಎರಡೂ ಕಡೆ ಹಿಡಿದು ಒತ್ತುತ್ತಾರೆ. ಗಾಜು ಆ ಗೀರಿನ ಗುಂಟವೇ ಸೀಳುತ್ತದೆ.

ಇದಕ್ಕೆ ಗಾಳಿಯ ತೇವಾಂಶವೂ ಸೇರಿಕೊಳ್ಳುತ್ತದೆ. ಬಿರುಕಿನ ತುದಿಯಲ್ಲಿ ಗಾಜಿನ ಅಣುಗಳ ಬಂಧವನ್ನು ನೀರು ನಿಧಾನವಾಗಿ ಬಿಡಿಸುತ್ತದೆ. ಬಿಸಿಲಿನದ್ದು ಇನ್ನೊಂದು ಪಾಲು. ಗಾಜಿನ ನಡುಭಾಗ ಕಾದು ಹಿಗ್ಗುತ್ತದೆ, ಚೌಕಟ್ಟಿನೊಳಗಿರುವ ಅಂಚು ತಂಪಾಗಿಯೇ ಇರುತ್ತದೆ. ಆಗ ಅಂಚಿನಲ್ಲಿ ಎಳೆತ ಹುಟ್ಟುತ್ತದೆ. ಗಾಜಿನ ಮೇಲೆ ಕಪ್ಪು ಫಿಲ್ಮ್ ಅಂಟಿಸಿದ್ದರೆ ಶಾಖ ಇನ್ನಷ್ಟು ಹೀರಿಕೊಳ್ಳುತ್ತದೆ. ಆದ್ದರಿಂದ ಬಿರುಕು ಬಿಟ್ಟ ಗಾಜು ಇನ್ನೆಷ್ಟು ದಿನ ನಿಲ್ಲುತ್ತದೆ ಎಂದು ಹೇಳಲಾಗದು. ಕೆಳಗೆ ಮಕ್ಕಳು ಆಡುವ ಜಾಗ, ಪಕ್ಕದಲ್ಲಿ ಮಂಚ ಅಥವಾ ದಾರಿ ಇದ್ದರೆ ತಡ ಮಾಡಬೇಡಿ.

"ಗಾಜು ದ್ರವ, ಅದಕ್ಕೇ ಕೆಳಗೆ ಜಾರುತ್ತದೆ"

ಹಳೆಯ ಮನೆಗಳ ಕಿಟಕಿ ಗಾಜು ಗಡಗಡ ಎನ್ನುವುದಕ್ಕೆ ಇದೇ ಕಾರಣ ಎನ್ನುವವರಿದ್ದಾರೆ. ಯೂರೋಪಿನ ಹಳೆಯ ಚರ್ಚುಗಳಲ್ಲಿ ಗಾಜಿನ ಕೆಳಭಾಗ ದಪ್ಪಗಿರುವುದನ್ನು ಸಾಕ್ಷಿಯಾಗಿ ಕೊಡುತ್ತಾರೆ. ಇದು ತಪ್ಪು. ಬ್ರೆಜಿಲ್‌ನ ವಿಜ್ಞಾನಿ ಎಡ್ಗರ್ ಜನೊಟ್ಟೊ 1998ರಲ್ಲಿ ಲೆಕ್ಕ ಹಾಕಿ, ಸಾಮಾನ್ಯ ಉಷ್ಣಾಂಶದಲ್ಲಿ ಗಾಜು ಕಣ್ಣಿಗೆ ಕಾಣುವಷ್ಟು ಹರಿಯಲು ವಿಶ್ವದ ವಯಸ್ಸೂ ಸಾಲದು ಎಂದು ತೋರಿಸಿದರು. ಆ ಕಾಲದಲ್ಲಿ ಗಾಜಿನ ಹಾಳೆ ತಯಾರಾಗುತ್ತಿದ್ದುದೇ ಏರುಪೇರಾಗಿ. ಈಗಿನ ಗಾಜು ಸಮತಟ್ಟಾಗಿರಲು ಕಾರಣ, ಕರಗಿದ ಗಾಜನ್ನು ಕರಗಿದ ತವರದ ಮೇಲೆ ತೇಲಿಸುವ ವಿಧಾನ. ಇಂಗ್ಲೆಂಡಿನ ಅಲಸ್ಟೇರ್ ಪಿಲ್ಕಿಂಗ್ಟನ್ 1950ರ ದಶಕದಲ್ಲಿ ಇದನ್ನು ರೂಪಿಸಿದರು.

ನಿಮ್ಮ ಕಿಟಕಿ ಗಡಗಡ ಎನ್ನುತ್ತಿದ್ದರೆ ಮರ ಒಣಗಿದೆ, ಪುಟ್ಟಿ ಉದುರಿದೆ ಅಥವಾ ಮೊಳೆ ಸಡಿಲವಾಗಿದೆ ಎಂದರ್ಥ.

ಟೇಪು ಅಂಟಿಸಿದರೆ ಸಾಕಲ್ಲವೇ?

ಟೇಪಿನಿಂದ ಗಾಜು ಗಟ್ಟಿಯಾಗುವುದಿಲ್ಲ. ಬಿರುಗಾಳಿಗೆ ಮುನ್ನ ಕಿಟಕಿಗೆ ಅಡ್ಡಡ್ಡ ಟೇಪು ಅಂಟಿಸುವ ಅಭ್ಯಾಸವನ್ನು ಅಮೆರಿಕದ ಚಂಡಮಾರುತ ತಜ್ಞರು ಬಿಡಿ ಎನ್ನುತ್ತಾರೆ. ಗಾಜು ಹೇಗೂ ಒಡೆಯುತ್ತದೆ, ಜೊತೆಗೆ ಟೇಪಿಗೆ ಅಂಟಿದ ದೊಡ್ಡ ತುಂಡುಗಳೇ ಹಾರಿ ಬರಬಹುದು.

ಆದರೆ ಬಿರುಕು ಬಿಟ್ಟ ಗಾಜನ್ನು ಕೀಳುವ ದಿನ ಟೇಪು ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಒಳಗೂ ಹೊರಗೂ ಅಗಲ ಟೇಪು ಅಂಟಿಸಿದರೆ ಚೂರುಗಳು ಸಿಡಿಯದೆ ಅದಕ್ಕೆ ಅಂಟಿಕೊಂಡಿರುತ್ತವೆ. ಅಂದರೆ ಟೇಪು ರಿಪೇರಿಯಲ್ಲ, ಅಂಗಡಿಯವರು ಬರುವ ತನಕದ ಆಸರೆ ಮಾತ್ರ.

ಯಾರು ಮಾಡಬೇಕು, ಹೇಗೆ ಮಾಡಬೇಕು?

ಮೊದಲು ತೂಕದ ಲೆಕ್ಕ ನೋಡಿ. ಒಂದು ಚದರ ಮೀಟರ್ ಗಾಜು ಪ್ರತಿ ಮಿಲಿಮೀಟರ್ ದಪ್ಪಕ್ಕೆ ಸುಮಾರು 2.5 ಕಿಲೋ ತೂಗುತ್ತದೆ. ಮೂರಡಿ ಅಗಲ, ನಾಲ್ಕಡಿ ಎತ್ತರದ 5 ಮಿ.ಮೀ. ಗಾಜು ಸುಮಾರು 14 ಕಿಲೋ ಆಯಿತು. ಅಂಥದ್ದನ್ನು ಏಣಿಯ ಮೇಲೆ ನಿಂತು ಒಬ್ಬರೇ ಹಿಡಿಯುವುದು ಸರಿಯಲ್ಲ. ಮಹಡಿಯ ಕಿಟಕಿ, ದೊಡ್ಡ ಗಾಜು, ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿ ಇವನ್ನೆಲ್ಲ ಕೆಲಸ ಗೊತ್ತಿದ್ದವರಿಗೇ ಬಿಡಿ. ನೆಲದ ಮೇಲೆ ನಿಂತು ಕೈಗೆ ಸಿಗುವ, ಮರದ ಚೌಕಟ್ಟಿನ ಸಣ್ಣ ಗಾಜಾದರೆ ನೀವೇ ಬದಲಿಸಬಹುದು.

ಕೈಗೆ ದಪ್ಪ ಕೈಗವಸು, ಕಣ್ಣಿಗೆ ಕನ್ನಡಕ, ತುಂಬು ತೋಳಿನ ಅಂಗಿ, ಕಾಲಿಗೆ ಬೂಟು ಇರಲಿ. ಚಪ್ಪಲಿ ಸಾಲದು. ಮಕ್ಕಳು, ನಾಯಿ, ಬೆಕ್ಕು ಬೇರೆ ಕೋಣೆಯಲ್ಲಿರಲಿ. ಮರದ ಬೀಡಿಂಗ್ ಪಟ್ಟಿಗಳನ್ನು ಉಳಿಯಿಂದ ಮೆಲ್ಲಗೆ ಎಬ್ಬಿಸಿ, ಮೊಳೆಗಳನ್ನು ಇಕ್ಕಳದಿಂದ ಕಿತ್ತು, ಮೇಲಿನ ತುಂಡುಗಳನ್ನು ಮೊದಲು ತೆಗೆಯಿರಿ. ಕೆಳಗಿನದನ್ನು ಮೊದಲು ತೆಗೆದರೆ ಮೇಲಿನ ಚೂರು ಮಣಿಕಟ್ಟಿನ ಮೇಲೆ ಬೀಳಬಹುದು.

ಹಳೆಯ ಮನೆಯಾದರೆ ಇನ್ನೊಂದು ಎಚ್ಚರಿಕೆ. ಹಳೆಯ ಎನಾಮಲ್ ಬಣ್ಣಗಳಲ್ಲಿ ಸೀಸ ಹೆಚ್ಚಿರುವ ಸಾಧ್ಯತೆ ಇದೆ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಸೀಸದ ಧೂಳು ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿ. ಹಾಗಾಗಿ ಚೌಕಟ್ಟಿನ ಬಣ್ಣವನ್ನು ಒಣಗಿದಂತೆಯೇ ಕೆರೆಯಬೇಡಿ, ನೀರು ಚಿಮುಕಿಸಿ ಕೆರೆಯಿರಿ. ಮಾಸ್ಕ್ ಹಾಕಿಕೊಳ್ಳಿ, ಆಮೇಲೆ ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿ.

ಅಳತೆಯಲ್ಲಿ ಹೆಚ್ಚಿನವರು ಎಡವುತ್ತಾರೆ. ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆಯಿರಿ. ಎತ್ತರವನ್ನೂ ಹಾಗೆಯೇ ಅಳೆಯಿರಿ. ಅತಿ ಕಡಿಮೆ ಬಂದದ್ದನ್ನು ತೆಗೆದುಕೊಂಡು ಅದರಲ್ಲಿ 3 ಮಿ.ಮೀ. ಕಳೆಯಿರಿ. ಉದಾಹರಣೆಗೆ 602, 600, 599 ಬಂದರೆ ಅಂಗಡಿಯಲ್ಲಿ ಹೇಳಬೇಕಾದ ಅಳತೆ 596 ಮಿ.ಮೀ. "ಟೈಟಾಗಿ ಕೂತರೆ ಗಟ್ಟಿ" ಎಂಬುದು ತಪ್ಪು ತಿಳಿವಳಿಕೆ. ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಬಿಸಿಲಿಗೆ ಗಾಜು ಹಿಗ್ಗುತ್ತದೆ. ಜಾಗ ಇಲ್ಲದಿದ್ದರೆ ಹೊಸ ಗಾಜೂ ಅಂಚಿನಿಂದ ಬಿರುಕು ಬಿಡುತ್ತದೆ. ಆ ಸಣ್ಣ ಸಂದಿಗೆ ಪುಟ್ಟಿ ಅಥವಾ ಸಿಲಿಕೋನ್ ತುಂಬಿ, ಬೀಡಿಂಗ್ ಪಟ್ಟಿ ಹೊಡೆಯಬೇಕು. ಗೋಡೆಗೆ ಹಚ್ಚುವ ಪುಟ್ಟಿ ಇದಕ್ಕೆ ಆಗದು. ಕಿಟಕಿಯ ಪುಟ್ಟಿ ಸೀಮೆಸುಣ್ಣದ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಕಲಸಿದ್ದು. ಅದು ಗಟ್ಟಿಯಾಗಲು ಕೆಲವು ದಿನ ಬೇಕು.

ಯಾವ ಗಾಜು ಹಾಕಿಸಬೇಕು?

"ಮೊದಲಿದ್ದದ್ದೇ ಹಾಕಿ" ಎಂದು ಹೇಳುವ ಮುನ್ನ ಒಂದು ನಿಮಿಷ ಯೋಚಿಸಿ. ಗಾಜು ಒಡೆದದ್ದು ನಷ್ಟವೇನೋ ಹೌದು. ಆದರೆ ಹಿಂದೆ ಆಗಿದ್ದ ತಪ್ಪು ಆಯ್ಕೆಯನ್ನು ಸರಿಪಡಿಸುವ ಅವಕಾಶವೂ ಇದೇ.

ಸಾಮಾನ್ಯ ಗಾಜು ಒಡೆದಾಗ ಚಾಕುವಿನಂಥ ಉದ್ದ ಚೂರುಗಳಾಗುತ್ತದೆ. ಎತ್ತರದಲ್ಲಿರುವ, ಗ್ರಿಲ್ ಇರುವ ಸಣ್ಣ ಕಿಟಕಿಗೆ ಇದು ಸಾಕು.

ಟಫನ್ಡ್ ಗಾಜನ್ನು 600 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಿ, ಗಾಳಿ ಹಾಯಿಸಿ ಥಟ್ಟನೆ ತಣಿಸಿರುತ್ತಾರೆ. ಸಾಮಾನ್ಯ ಗಾಜಿಗಿಂತ ನಾಲ್ಕೈದು ಪಟ್ಟು ಗಟ್ಟಿ. ಒಡೆದರೂ ಕಲ್ಲುಸಕ್ಕರೆಯಂಥ ಸಣ್ಣ ತುಂಡುಗಳಾಗಿ ಉದುರುತ್ತದೆ, ಆಳವಾದ ಗಾಯದ ಸಂಭವ ಕಡಿಮೆ. ಆದರೆ ಇದನ್ನು ತಯಾರಾದ ಮೇಲೆ ಕತ್ತರಿಸಲಾಗದು. ಅಳತೆ ಕೊಟ್ಟು ಮಾಡಿಸಬೇಕು. "ಟಫನ್ಡ್ ಗಾಜು ಒಡೆಯುವುದೇ ಇಲ್ಲ" ಎಂಬ ಮಾತೂ ಸುಳ್ಳು. ಅಂಚಿಗೆ ಪೆಟ್ಟು ಬಿದ್ದರೆ ಒಡೆಯುತ್ತದೆ. ಒಳಗೆ ನಿಕಲ್ ಸಲ್ಫೈಡ್‌ನ ಸೂಕ್ಷ್ಮ ಕಣ ಸೇರಿಕೊಂಡಿದ್ದರೆ ಅಪರೂಪಕ್ಕೆ ತಾನಾಗಿಯೂ ಸಿಡಿಯುತ್ತದೆ. ಅದನ್ನು ಮಾಟ ಮಂತ್ರ ಎನ್ನಬೇಕಾಗಿಲ್ಲ.

ಲ್ಯಾಮಿನೇಟೆಡ್ ಗಾಜು ಎಂದರೆ ಎರಡು ಗಾಜುಗಳ ನಡುವೆ ಪ್ಲಾಸ್ಟಿಕ್ ಪದರ ಇರುವಂಥದ್ದು. ಕಾರಿನ ಮುಂದಿನ ಗಾಜು ಇದೇ. ಒಡೆದರೂ ಚೂರುಗಳು ಪದರಕ್ಕೆ ಅಂಟಿ ನಿಲ್ಲುತ್ತವೆ. 1903ರಲ್ಲಿ ಫ್ರಾನ್ಸಿನ ಎಡುವಾರ್ ಬೆನೆಡಿಕ್ಟಸ್ ಅವರ ಪ್ರಯೋಗಾಲಯದಲ್ಲಿ ಕೆಳಗೆ ಬಿದ್ದ ಒಂದು ಗಾಜಿನ ಪಾತ್ರೆ ಒಡೆದರೂ ಚದುರಲಿಲ್ಲ. ಅದರೊಳಗೆ ಸೆಲ್ಯುಲೋಸ್ ನೈಟ್ರೇಟ್ ಒಣಗಿ ಪೊರೆಯಾಗಿತ್ತು. ಈ ಗಾಜಿನ ಹಿಂದಿನ ಕಥೆ ಅದು.

ಮಗು ಓಡಿಬಂದು ಡಿಕ್ಕಿ ಹೊಡೆಯುವಷ್ಟು ತಗ್ಗಿನ ಕಿಟಕಿ, ಗಾಜಿನ ಬಾಗಿಲು, ಸ್ನಾನದ ಮನೆ, ಬಾಲ್ಕನಿ ಇಲ್ಲೆಲ್ಲ ಟಫನ್ಡ್ ಅಥವಾ ಲ್ಯಾಮಿನೇಟೆಡ್ ಗಾಜೇ ಬೇಕು. ಒಡೆದರೆ ಕೆಳಗೆ ಜನ ಓಡಾಡುವ ಜಾಗವಿದ್ದರೆ ಲ್ಯಾಮಿನೇಟೆಡ್ ಉತ್ತಮ. ಸುರಕ್ಷತಾ ಗಾಜಿಗೆ ಭಾರತದಲ್ಲಿ ಐಎಸ್ 2553 ಎಂಬ ಮಾನಕ ಇದೆ. ಖರೀದಿಸುವಾಗ ಗಾಜಿನ ಮೂಲೆಯಲ್ಲಿ ಅಚ್ಚಾಗಿರುವ ಗುರುತು ನೋಡಿ, ಬಿಲ್ಲಿನಲ್ಲೂ ಬರೆಸಿಕೊಳ್ಳಿ.

ಗಾಯವಾದರೆ?

"ಗಾಜಿನ ಚೂರು ರಕ್ತದಲ್ಲಿ ಹರಿದು ಹೃದಯಕ್ಕೆ ಹೋಗುತ್ತದೆ" ಎಂಬುದು ಬಹಳ ಹಳೆಯ ಹೆದರಿಕೆ. ಚೂರು ಸಾಮಾನ್ಯವಾಗಿ ಹೊಕ್ಕ ಜಾಗದ ಆಸುಪಾಸಿನಲ್ಲೇ ಉಳಿಯುತ್ತದೆ. ನಿಜವಾದ ತೊಂದರೆ ಎಂದರೆ ಸೋಂಕು, ನೋವು, ನರ ಮತ್ತು ಸ್ನಾಯುರಜ್ಜುಗಳಿಗೆ ಪೆಟ್ಟು. "ಗಾಜು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ" ಎಂಬುದೂ ತಪ್ಪು. ತೀರಾ ಸಣ್ಣದಲ್ಲದಿದ್ದರೆ ಬಹುತೇಕ ಗಾಜು ಕಾಣುತ್ತದೆ. ಒಳಗೆ ಚೂರು ಉಳಿದಿದೆ ಎಂಬ ಅನುಮಾನ ಇದ್ದರೆ ವೈದ್ಯರಿಗೆ ಹೇಳಿ.

ಸಣ್ಣ ಗಾಯವನ್ನು ಹರಿಯುವ ನೀರಿನಲ್ಲಿ ತೊಳೆಯಿರಿ. ರಕ್ತ ಬರುತ್ತಿದ್ದರೆ ಶುದ್ಧ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ಕಾಫಿ ಪುಡಿ, ಅರಿಶಿನ, ಸುಣ್ಣ ಹಾಕಬೇಡಿ. ಅವು ಗಾಯವನ್ನು ಕೊಳೆ ಮಾಡುತ್ತವೆ, ಚೂರನ್ನು ಮರೆಮಾಡುತ್ತವೆ. ದೊಡ್ಡ ತುಂಡು ಚುಚ್ಚಿಕೊಂಡಿದ್ದರೆ ಕೀಳಬೇಡಿ, ಅದೇ ರಕ್ತವನ್ನು ತಡೆದಿರಬಹುದು. ಅದರ ಎರಡೂ ಪಕ್ಕ ಒತ್ತಿ ಹಿಡಿದು 108ಕ್ಕೆ ಕರೆ ಮಾಡಿ. ಬೆರಳು ಮಡಚಲು ಆಗದಿದ್ದರೆ, ಜೋಮು ಹಿಡಿದರೆ, ಗಾಯ ಮಣಿಕಟ್ಟಿನಲ್ಲಿದ್ದರೆ ಅದು ಚಿಕ್ಕದಾಗಿ ಕಂಡರೂ ಆಸ್ಪತ್ರೆಗೆ ಹೋಗಿ.

"ತುಕ್ಕು ಇಲ್ಲವಲ್ಲ, ಟಿಟಿ ಯಾಕೆ?" ಎನ್ನಬೇಡಿ. ಧನುರ್ವಾಯು ಬರುವುದು ತುಕ್ಕಿನಿಂದಲ್ಲ, ಮಣ್ಣು ಮತ್ತು ಧೂಳಿನಲ್ಲಿರುವ ಬ್ಯಾಕ್ಟೀರಿಯಾದಿಂದ. ಕಿಟಕಿಯ ಸಂದಿಯಲ್ಲಿ ಧೂಳಿಗೇನು ಕೊರತೆ? ಗಾಯ ಆಳವಾಗಿದ್ದು ಅಥವಾ ಕೊಳೆಯಾಗಿದ್ದು, ಕೊನೆಯ ಡೋಸ್ ಪಡೆದು 5 ವರ್ಷ ದಾಟಿದ್ದರೆ ಮತ್ತೆ ಹಾಕಿಸಬೇಕಾಗುತ್ತದೆ. ಗಾಯ ಸಣ್ಣದು, ಶುಚಿಯಾದದ್ದಾದರೆ ಈ ಅವಧಿ 10 ವರ್ಷ. ಈಗ ಸರ್ಕಾರಿ ಆಸ್ಪತ್ರೆಗಳಲ್ಲಿ ಟಿಟಿ ಬದಲು ಟಿಡಿ ಲಸಿಕೆ ಕೊಡುತ್ತಾರೆ.

ಕೊನೆಯ ಚೂರು ಯಾರ ಕೈಗೆ?

ದೊಡ್ಡ ತುಂಡುಗಳನ್ನು ಕೈಗವಸು ಹಾಕಿ ಎತ್ತಿ. ಉಳಿದದ್ದನ್ನು ಗುಡಿಸಿ, ಆಮೇಲೆ ಒದ್ದೆ ಕಾಗದದಿಂದ ನೆಲ ಒತ್ತಿ ಒರೆಸಿ ಅದನ್ನೂ ಗಾಜಿನ ಜೊತೆಗೇ ಎಸೆಯಿರಿ. ದೀಪ ಆರಿಸಿ ಮೊಬೈಲ್ ಟಾರ್ಚನ್ನು ನೆಲಕ್ಕೆ ಸಮನಾಗಿ ಹಿಡಿದರೆ ಉಳಿದ ಚೂರುಗಳು ಮಿನುಗುತ್ತವೆ.

"ತಕ್ಷಣ ಹೊರಗೆ ಎಸೆಯಿರಿ" ಎನ್ನುವ ಫಾರ್ವರ್ಡ್ ಆ ಗಾಜು ಆಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಹೇಳುವುದಿಲ್ಲ. ಬೆಳಗ್ಗೆ ಕಸ ಬೇರ್ಪಡಿಸುವ ಪೌರಕಾರ್ಮಿಕರ ಕೈಗೆ ಹೋಗುತ್ತದೆ. ಖಾಲಿ ಸೈಟಿಗೆ ಎಸೆದರೆ ದನದ ಕಾಲಿಗೆ, ಚೆಂಡು ಹುಡುಕುವ ಮಕ್ಕಳ ಕಾಲಿಗೆ ಚುಚ್ಚುತ್ತದೆ. ಆದ್ದರಿಂದ ಚೂರುಗಳನ್ನು ಹಲವು ಪದರ ಪತ್ರಿಕೆಯಲ್ಲಿ ಸುತ್ತಿ, ರಟ್ಟಿನ ಪೆಟ್ಟಿಗೆಗೆ ಹಾಕಿ ಟೇಪು ಅಂಟಿಸಿ, ಮೇಲೆ ದೊಡ್ಡದಾಗಿ 'ಒಡೆದ ಗಾಜು' ಎಂದು ಬರೆಯಿರಿ. ಬೇರೆ ಕಸದ ಜೊತೆ ಸೇರಿಸದೆ, ಬಾಯಿಬಿಟ್ಟು ಹೇಳಿಯೇ ಕೊಡಿ.

ಅಪಶಕುನದ ಫಾರ್ವರ್ಡ್ ನಿಮ್ಮ ಗ್ರೂಪಿಗೂ ಬಂದಿದ್ದರೆ ಉತ್ತರವಾಗಿ ಇಷ್ಟು ಬರೆದರೆ ಸಾಕು: "ಗಾಜು ಒಡೆದರೆ ಏನೂ ಆಗುವುದಿಲ್ಲ. ಆದರೆ ಒಡೆದ ಗಾಜನ್ನು ಹಾಗೇ ಬಿಟ್ಟರೆ, ಬರಿಗೈಯಲ್ಲಿ ಕಿತ್ತರೆ, ಕಸಕ್ಕೆ ಸುಮ್ಮನೆ ಸುರಿದರೆ ಯಾರಿಗಾದರೂ ಗಾಯ ಆಗಬಹುದು."